ಒಂದು ಕಿಲೋಮೀಟರ್ ತಾಮ್ರ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಪಿಕಪ್ ಹತ್ತಿರ ಬಾಯಿ ತಂದು ‘ಹಲೋ’ ಅನ್ನಿ. ಆಂಪ್ಲಿಫೈಯರ್ ತೆಪ್ಪಗಿರುತ್ತದೆ. ಅದೇ ಪಿಕಪ್ ಮೇಲೆ ಒಂದು ಸ್ಕ್ರೂಡ್ರೈವರ್ ತುದಿ ಆಡಿಸಿ, ಸ್ಪೀಕರ್ ಟಕ್ ಟಕ್ ಅನ್ನುತ್ತದೆ. ಪಿಕಪ್ ಅಂದರೆ ಮೈಕ್ ಅಲ್ಲ. ಗಾಳಿ ಅಲುಗಿದರೆ ಅದಕ್ಕೇನೂ ತಿಳಿಯದು, ಉಕ್ಕು ಅಲುಗಿದರೆ ಮಾತ್ರ ತಿಳಿಯುತ್ತದೆ. ನೈಲಾನ್ ತಂತಿ ಕಟ್ಟಿದರೆ ಅದು ಪೂರ್ತಿ ಕಿವುಡು.

ಬಿಚ್ಚಿ ನೋಡಿದರೆ ಒಳಗೆ ಅಂಥದ್ದೇನೂ ಇಲ್ಲ. ಆರು ಗಿಡ್ಡ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ವೈರ್. ಪಂಪ್‌ಸೆಟ್ ಸುಟ್ಟಾಗ ವೈಂಡಿಂಗ್ ಅಂಗಡಿಯವರು ಸುತ್ತುತ್ತಾರಲ್ಲ, ಅದೇ ಜಾತಿಯ ವೈರ್. ಆದರೆ ಇದು ಕೂದಲೆಳೆಯಷ್ಟು ಸಣ್ಣ, ದಪ್ಪ 0.063 ಮಿಲಿಮೀಟರ್. ಈ ಕಸುಬಿನಲ್ಲಿ ಇದಕ್ಕೆ 42 ಗೇಜ್ ಅನ್ನುತ್ತಾರೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್ (ಚಿಕ್ಕದಾಗಿ ‘ಸ್ಟ್ರಾಟ್’) ಗಿಟಾರಿನ ಮಾದರಿಯ ಪಿಕಪ್‌ನಲ್ಲಿ ಇದು ಸುಮಾರು 8,000 ಸುತ್ತು ಇರುತ್ತದೆ. ಮೀಟರಿಟ್ಟರೆ ಹೆಚ್ಚುಕಡಿಮೆ 6,000 ಓಮ್ ತೋರಿಸುತ್ತದೆ. ಈ ವೈರಿನ ಒಂದು ಮೀಟರಿಗೆ 5.4 ಓಮ್. ಭಾಗಿಸಿ ನೋಡಿ: ಬೆರಳುದ್ದದ ಡಬ್ಬಿಯೊಳಗೆ ಒಂದು ಕಿಲೋಮೀಟರಿಗೂ ಜಾಸ್ತಿ ತಾಮ್ರ!

ಕೆಲಸ ಮಾಡುವ ಬಗೆ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದೇ. ಅಯಸ್ಕಾಂತದ ಮೇಲಿರುವ ಉಕ್ಕಿನ ತಂತಿ ತಾನೂ ಒಂದಿಷ್ಟು ಅಯಸ್ಕಾಂತವಾಗುತ್ತದೆ. ಅದು ನಡುಗಿದರೆ ಆ ವೈರ್ ಸುತ್ತಿನ, ಅಂದರೆ ಕಾಯಿಲ್‌ನ, ಒಳಗಿನ ಕಾಂತಕ್ಷೇತ್ರವೂ ನಡುಗುತ್ತದೆ, ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ.

ನನ್ನ ಮೊದಲ ತಪ್ಪು ಆದದ್ದು ಆ ಓಮ್ ಲೆಕ್ಕದಲ್ಲೇ. ಹಳೆಯ ಪಿಕಪ್ ತೆಗೆದು ಹೊಸದು ಹಾಕಬೇಕು ಅನ್ನಿಸಿತು. ಪೊಟ್ಟಣದ ಮೇಲೆ ‘10 ಕಿಲೋ ಓಮ್’ ಎಂದಿತ್ತು. ಅಂಗಡಿಯವರು ‘ಇದು ಹಾಟ್ ಪಿಕಪ್, ಜಾಸ್ತಿ ಪವರ್’ ಅಂದರು. ಆರಕ್ಕಿಂತ ಹತ್ತು ದೊಡ್ಡದು ಅಲ್ವಾ? ತಂದು ಬೆಸುಗೆ ಹಾಕಿದೆ. ಸದ್ದು ಜೋರಾಯಿತು ನಿಜ. ಆದರೆ ಸ್ಟ್ರಾಟ್‌ನ ಆ ಗಾಜಿನ ಬಳೆಯಂಥ ಕಿಣಿಕಿಣಿ ಹೋಗಿ, ಬಾಯಿಗೆ ಬಟ್ಟೆ ತುರುಕಿಕೊಂಡು ಹಾಡಿದ ಹಾಗಾಯಿತು.

ಓಮ್ ಸಂಖ್ಯೆಯನ್ನು ನಂಬಿದ್ದು ಪೆದ್ದುತನ. 42ರ ಬದಲು ಇನ್ನೂ ಸಣ್ಣ 43 ಗೇಜ್ ವೈರ್ ಸುತ್ತಿದರೆ, ಸುತ್ತು ಅಷ್ಟೇ ಇದ್ದರೂ ಓಮ್ ಸುಮಾರು ಕಾಲು ಭಾಗ ಏರುತ್ತದೆ. ಅಷ್ಟೇಕೆ, ಬಿಸಿಲಿಗೂ ಏರುತ್ತದೆ. ಬೆಂಗಳೂರಿನ 20 ಡಿಗ್ರಿ ತಂಪಿನಲ್ಲಿ 6,000 ಓಮ್ ತೋರಿಸಿದ ಪಿಕಪ್, ಕಲಬುರಗಿಯ 40 ಡಿಗ್ರಿ ಸೆಕೆಯಲ್ಲಿ 6,450 ದಾಟುತ್ತದೆ. ಹಾಗಂತ ಕಲಬುರಗಿಯಲ್ಲಿ ಗಿಟಾರ್ ಹೆಚ್ಚು ‘ಹಾಟ್’ ಆಗಿಬಿಡುವುದಿಲ್ಲ.

ದನಿಯನ್ನು ತೀರ್ಮಾನಿಸುವುದು ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಕಾಯಿಲ್ ತೋರಿಸುವ ಜಡತನ. ಒಂದು ಸ್ಪ್ರಿಂಗಿಗೆ ಕಲ್ಲು ಕಟ್ಟಿ ತೂಗಿಬಿಡಿ. ಅದು ತನ್ನದೇ ಲಯದಲ್ಲಿ ಕುಣಿಯುತ್ತದೆ. ಕಲ್ಲು ಭಾರವಾದಷ್ಟೂ ಕುಣಿತ ನಿಧಾನ, ಸ್ಪ್ರಿಂಗ್ ಮೆದುವಾದರೂ ನಿಧಾನ. ಇಲ್ಲಿ ಕಾಯಿಲ್‌ನ ಇಂಡಕ್ಟೆನ್ಸೇ ಕಲ್ಲು. ಕೇಬಲ್‌ನ ಕೆಪಾಸಿಟೆನ್ಸೇ, ಅಂದರೆ ಅದು ಚಾರ್ಜ್ ಹಿಡಿದಿಡುವ ಗುಣವೇ ಸ್ಪ್ರಿಂಗ್, ಅದು ಹೆಚ್ಚಿದಷ್ಟೂ ಸ್ಪ್ರಿಂಗ್ ಮೆದು. ಎರಡೂ ಸೇರಿ ಒಂದು ಕಡೆ ಸ್ವರಗಳನ್ನು ಎತ್ತಿ ಹಿಡಿಯುತ್ತವೆ, ಅದರಾಚೆಗಿನದನ್ನು ಕೈಬಿಡುತ್ತವೆ. ಸಾಮಾನ್ಯ ಸ್ಟ್ರಾಟ್ ಪಿಕಪ್ ಸುಮಾರು 2.4 ಹೆನ್ರಿ. ಐದು ಮೀಟರ್ ಕೇಬಲ್ ಸೇರಿಸಿದರೆ 600 ಪೈಕೋಫ್ಯಾರಡ್ ಅಂದುಕೊಳ್ಳಿ. ಆಗ ಆ ಶಿಖರ ಸುಮಾರು 4,200 ಹರ್ಟ್ಸ್‌ನಲ್ಲಿ ಬರುತ್ತದೆ. ನಮ್ಮ ಕಿವಿ ಚುರುಕಾಗಿರುವುದೂ 2,000ದಿಂದ 5,000 ಹರ್ಟ್ಸ್ ಆಸುಪಾಸಿನಲ್ಲೇ. ಕಿಣಿಕಿಣಿ ಹುಟ್ಟುವುದು ಅಲ್ಲಿ.

ಸುತ್ತು 8,000 ಇದ್ದದ್ದು 10,000 ಆದರೆ ಇಂಡಕ್ಟೆನ್ಸ್ ಒಂದೂವರೆ ಪಟ್ಟು ದಾಟುತ್ತದೆ, ಏಕೆಂದರೆ ಅದು ಸುತ್ತುಗಳ ವರ್ಗದ ಲೆಕ್ಕದಲ್ಲಿ ಏರುತ್ತದೆ. ಶಿಖರ 3,350ರ ಹತ್ತಿರಕ್ಕೆ ಜಾರುತ್ತದೆ. ನನ್ನ 10 ಕಿಲೋ ಓಮ್ ಪಿಕಪ್ಪಿಗೆ ಆಗಿದ್ದು ಇದೇ.

ತಮಾಷೆ ಏನೆಂದರೆ, ಪಿಕಪ್ ಮುಟ್ಟದೆಯೂ ಹೀಗೆ ಮಾಡಬಹುದು. ಐದು ಮೀಟರ್ ಕೇಬಲ್ ತೆಗೆದು ಹತ್ತು ಮೀಟರಿನದು ಹಾಕಿ, ಅದೇ ಹಳೆಯ ಪಿಕಪ್ಪಿನ ಶಿಖರ 3,100ಕ್ಕೆ ಇಳಿಯುತ್ತದೆ. ‘ನನ್ನ ಪಿಕಪ್ ಮಂಕು’ ಅನ್ನುವವರು ಮೊದಲು ಕೇಬಲ್ ಅಳೆಯಲಿ. ವಾಲ್ಯೂಮ್ ಪಾಟ್, ಅಂದರೆ ಸದ್ದಿನ ಗುಬುಟಿನ ಕೆಳಗಿರುವ ರೆಸಿಸ್ಟರ್ ಕೂಡ ನೋಡಲಿ. ಸಿಂಗಲ್ ಕಾಯಿಲ್‌ಗೆ (ಇಂಥ ಒಂದೇ ಕಾಯಿಲ್ ಇರುವ ಪಿಕಪ್ಪಿಗೆ) ವಾಡಿಕೆ 250 ಕಿಲೋ ಓಮ್. 500 ಹಾಕಿದರೆ ಆ ಶಿಖರ ಇನ್ನಷ್ಟು ಚೂಪಾಗುತ್ತದೆ, ಕೆಲವರಿಗೆ ಅದು ಕಿವಿ ಚುಚ್ಚುತ್ತದೆ.

ಪಿಕಪ್ ಎಲ್ಲಿ ಕೂತಿದೆ ಅನ್ನುವುದು ಇನ್ನೂ ದೊಡ್ಡ ವಿಷಯ. ಸ್ಟ್ರಾಟ್ ಇದ್ದರೆ ಇದನ್ನು ಈಗಲೇ ಮಾಡಿ ನೋಡಿ. ಐದನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿಯನ್ನು ಒತ್ತದೆ, ಸುಮ್ನೆ ಬೆರಳು ತಾಗಿಸಿ ಮೀಟಿ. ತಂತಿ ನಾಲ್ಕು ಭಾಗವಾಗಿ ನಡುಗುತ್ತದೆ, ನಡುವಿನ ಮೂರು ಬಿಂದು ಅಲುಗುವುದೇ ಇಲ್ಲ. ಸ್ಟ್ರಾಟ್ ತಂತಿಯ ಉದ್ದ 648 ಮಿಲಿಮೀಟರ್. ಕುತ್ತಿಗೆ ಕಡೆಯ ಪಿಕಪ್, ತಂತಿಗಳು ಕೆಳಗಡೆ ಕೂರುವ ಬ್ರಿಡ್ಜ್‌ನಿಂದ 162 ಮಿಲಿಮೀಟರ್ ದೂರದಲ್ಲಿದೆ, ಸರಿಯಾಗಿ ಕಾಲು ಭಾಗ. ಅಲುಗದ ಬಿಂದುವಿನ ಕೆಳಗೇ ಕೂತು ಪಾಪ ಅದಕ್ಕೇನು ಕೇಳಬೇಕು? ದನಿ ಕ್ಷೀಣ. ಸ್ವಿಚ್ಚನ್ನು ಬ್ರಿಡ್ಜ್ ಪಿಕಪ್ಪಿಗೆ ತಳ್ಳಿ, ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಬೇರೆ ಎಷ್ಟೇ ದುಬಾರಿ ಪಿಕಪ್ ತಂದು ಕುತ್ತಿಗೆ ಕಡೆ ಕೂರಿಸಿದರೂ ಈ ಕಾಲು ಭಾಗದ ಲೆಕ್ಕ ತಪ್ಪುವುದಿಲ್ಲ.

ಅಯಸ್ಕಾಂತಗಳ ಬಗ್ಗೆ ಮಾತು ಬಹಳ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಅಲ್ನಿಕೋ ಅನ್ನುವುದು ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಹೆಸರುಗಳ ಮೊದಲ ಅಕ್ಷರಗಳಿಂದ ಆದದ್ದು, ಜೊತೆಗೆ ಕಬ್ಬಿಣವೂ ಇರುತ್ತದೆ. ಅಲ್ನಿಕೋ 5 ಜೋರು, 2 ಮತ್ತು 3 ಸಾಧು. ಜೋರಿನದ್ದಕ್ಕೆ ಒಂದು ಚಾಳಿ ಇದೆ: ತಂತಿಗೆ ತೀರಾ ಹತ್ತಿರವಾದರೆ ಅದನ್ನೇ ಎಳೆದುಬಿಡುತ್ತದೆ. ದಪ್ಪ ತಂತಿಯ ಮೇಲಿನ ಸ್ವರ ಅಲೆ ಅಲೆಯಾಗಿ ಕೇಳುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಅಪಶ್ರುತಿ. ಕೊನೆಯ ಫ್ರೆಟ್ ಒತ್ತಿಹಿಡಿದು, ದಪ್ಪ ತಂತಿಗೆ 2.4, ಸಣ್ಣದಕ್ಕೆ 2 ಮಿಲಿಮೀಟರ್ ಅಂತರದಿಂದ ಶುರುಮಾಡಿ. ಎರಡು ಸ್ಕ್ರೂ ತಿರುಗಿಸುವ ಕೆಲಸ, ಖರ್ಚು ಸೊನ್ನೆ. ಹೊಸ ಪಿಕಪ್ ಬೇಕೆನ್ನುವ ಅರ್ಧ ಆಸೆ ಅಲ್ಲೇ ತಣ್ಣಗಾಗುತ್ತದೆ.

‘ವಿಂಟೇಜ್’ ಮಾದರಿ ಕೊಳ್ಳುವಾಗ ಕಡ್ಡಿಗಳ ಎತ್ತರ ಗಮನಿಸಿ. 1954ರ ಹೊತ್ತಿಗೆ ಮೂರನೇ ತಂತಿಗೂ ಮೇಲೆ ವೈರ್ ಸುತ್ತಿರುತ್ತಿತ್ತು, ಅದರ ದನಿ ಸಣ್ಣ. ಹಾಗಾಗಿ ಕಡ್ಡಿಯನ್ನು ಎತ್ತರ ಮಾಡಿದರು. ಇವತ್ತಿನ ಮೂರನೇ ತಂತಿ ಬರೀ ಉಕ್ಕು. ಹಳೇ ಎತ್ತರದ ಮೇಲೆ ಅದೊಂದೇ ಕಿರುಚುತ್ತದೆ, ಕಡ್ಡಿಯೋ ಗಟ್ಟಿಯಾಗಿ ಕೂತಿರುತ್ತದೆ. ಸಮ ಎತ್ತರದ ಕಡ್ಡಿಗಳಿರುವುದೇ ನನ್ನ ಆಯ್ಕೆ.

ಇನ್ನು ಗುಂಯ್‌ಗುಡುವ ಕಾಟ. ಒಂದು ಕಿಲೋಮೀಟರ್ ತಾಮ್ರ ಸುತ್ತಿಟ್ಟರೆ ಅದು ತಂತಿಯನ್ನಷ್ಟೇ ಕೇಳಿಸಿಕೊಳ್ಳುತ್ತದೆಯೇ? ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರ್, ಮನೆಯ ಯುಪಿಎಸ್, ಎಲ್ಲದರ ಗೊಣಗಾಟವನ್ನೂ ಕೇಳಿಸಿಕೊಳ್ಳುತ್ತದೆ. ಗಿಟಾರ್ ಹಿಡಿದು ಕುರ್ಚಿಯಲ್ಲೇ ನಿಧಾನವಾಗಿ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಥಟ್ಟನೆ ಇಳಿಯುತ್ತದೆ. ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಚರಚರ ಸದ್ದು ಕಡಿಮೆಯಾಗುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಗಿಬ್ಸನ್ ಕಂಪನಿಯ ಸೆಥ್ ಲವರ್ 1955ರಲ್ಲಿ ಎರಡು ಕಾಯಿಲ್ ಜೋಡಿಸಿ ಇದಕ್ಕೆ ಮದ್ದು ಕಂಡುಹಿಡಿದರು. ಸಿಂಗಲ್ ಕಾಯಿಲ್ ಸೆಟ್ ಕೊಳ್ಳುವವರೂ ಅದೇ ಉಪಾಯ ಕೇಳಬಹುದು: ನಡುವಿನ ಪಿಕಪ್ಪಿನ ಸುತ್ತು ಉಲ್ಟಾ, ಅಯಸ್ಕಾಂತವೂ ಉಲ್ಟಾ. ಆಗ ಎರಡು ಪಿಕಪ್ ಒಟ್ಟಿಗೆ ಆನ್ ಇರುವಾಗ ಗುಂಯ್ ಅನ್ನುವುದು ಹೊಡೆದುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ.

ಸ್ಟ್ರಾಟ್‌ನ ಮೂರು ಪಿಕಪ್ಪಿನಲ್ಲಿ ಒಂದನ್ನೇ ಬದಲಿಸುವವರಿಗೆ ಇದರಲ್ಲೊಂದು ಗುಂಡಿ ಇದೆ. ಹೊಸದರ ಸುತ್ತು ಮತ್ತು ಅಯಸ್ಕಾಂತದಲ್ಲಿ ಒಂದೇ ಉಲ್ಟಾ ಬಂದರೆ, ಪಕ್ಕದ ಪಿಕಪ್ ಜೊತೆ ಸೇರಿದಾಗ ದನಿ ಮೂಗಿನಲ್ಲಿ ಹಾಡಿದಷ್ಟು ತೆಳ್ಳಗಾಗುತ್ತದೆ. ಬೆಸುಗೆಗೆ ಮೊದಲೇ ಪತ್ತೆ ಮಾಡಬಹುದು. ಮುಳ್ಳಿರುವ ಹಳೇ ಮಲ್ಟಿಮೀಟರನ್ನು ಪಿಕಪ್ಪಿನ ಎರಡು ವೈರಿಗೆ ಹಚ್ಚಿ. ಸ್ಕ್ರೂಡ್ರೈವರನ್ನು ಕಡ್ಡಿಗಳ ಮೇಲಿಟ್ಟು ಫಕ್ಕನೆ ಕೀಳಿ. ಮುಳ್ಳು ಯಾವ ಕಡೆ ಜಿಗಿಯಿತು ಅಂತ ಬರೆದುಕೊಳ್ಳಿ. ಹಳೆಯದಕ್ಕೂ ಹಾಗೇ ಮಾಡಿ. ಎರಡೂ ಒಂದೇ ಕಡೆ ಜಿಗಿದರೆ ಬೆಸುಗೆ ಕಡ್ಡಿ ಬಿಸಿಗಿಡಿ, ಇಲ್ಲದಿದ್ದರೆ ಹೊಸದರ ಎರಡು ವೈರ್ ಅದಲುಬದಲು ಮಾಡಿ.