ಪರದೆಯ ಅಂಚು ತೆರೆದ ಬಗೆ: ಕಮೊಡೋರ್ 64 ಡೆಮೊಗಳ ಕಸುಬಿನ ಹಿನ್ನೆಲೆ

ಕಮೊಡೋರ್ 64 ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಸ್ವಿಚ್ ಹಾಕಿದರೆ ಕಡುನೀಲಿ ಪರದೆ ಮೂಡುತ್ತದೆ, ಅದರ ಸುತ್ತ ತಿಳಿನೀಲಿಯ ದಪ್ಪ ಅಂಚು. ಅಕ್ಷರವಿರಲಿ, ಆಟವಿರಲಿ, ಎಲ್ಲ ನಡೆಯುವುದು ಒಳಗಿನ 320 ಅಡ್ಡ, 200 ಉದ್ದ ಚುಕ್ಕೆಗಳಲ್ಲಿ. ಅಂದಿನ ಟಿವಿಗಳು ಚಿತ್ರದ ಬದಿಗಳನ್ನು ಒಂದೊಂದು ಸೆಟ್ಟಿನಲ್ಲಿ ಒಂದೊಂದಷ್ಟು ನುಂಗಿಬಿಡುತ್ತಿದ್ದವು. ಬರೆದದ್ದು ಕತ್ತರಿಸಿಹೋಗದಿರಲಿ ಎಂದೇ ಸುತ್ತ ಖಾಲಿ ಜಾಗ ಬಿಟ್ಟಿದ್ದರು. ಆ ಜಾಗದ ಬಣ್ಣ ಬದಲಿಸಬಹುದಿತ್ತು, ಮೆಮೊರಿಯ 53280ನೇ ವಿಳಾಸಕ್ಕೆ 0ಯಿಂದ 15ರೊಳಗಿನ ಒಂದು ಸಂಖ್ಯೆ ಹಾಕಿದರೆ ಸಾಕು. ಅದಕ್ಕಿಂತ ಹೆಚ್ಚಿಗೆ ಅಲ್ಲೇನೂ ಮಾಡಲಾಗದು ಎಂಬುದು ಯಂತ್ರ ರೂಪಿಸಿದವರ ಲೆಕ್ಕ. 1980ರ ದಶಕದ ನಡುಭಾಗಕ್ಕೆ ಯುರೋಪಿನ ಹದಿಹರೆಯದವರು ಆ ಲೆಕ್ಕವನ್ನು ತಪ್ಪಿಸಿದ್ದರು.

ಯಂತ್ರ ಮೊದಲು ಕಂಡದ್ದು 1982ರ ಜನವರಿಯಲ್ಲಿ, ಲಾಸ್ ವೇಗಾಸ್‌ನ ಪ್ರದರ್ಶನವೊಂದರಲ್ಲಿ. ಅದೇ ವರ್ಷ 595 ಡಾಲರ್‌ಗೆ ಅಂಗಡಿಗೆ ಬಂತು. ಚಿತ್ರದ ಹೊಣೆ ವಿಕ್-2 ಎಂಬ ಚಿಪ್‌ನದು. ಅದನ್ನು ಕಟ್ಟಿದ್ದು ಎಂಓಎಸ್ ಟೆಕ್ನಾಲಜಿಯಲ್ಲಿ ಆಲ್ ಶಾರ್ಪೆಂಟಿಯೇ ಮತ್ತು ಸಂಗಡಿಗರು. ಮೂರು ದನಿಯ ಸಿಡ್ ಸಂಗೀತ ಚಿಪ್ ಬಾಬ್ ಯಾನೆಸ್ ಅವರದು. ಮೆಮೊರಿ 64 ಕಿಲೋಬೈಟ್, ಪ್ರೊಸೆಸರ್‌ನ ವೇಗ ಯುರೋಪಿನ ಯಂತ್ರಗಳಲ್ಲಿ ಒಂದು ಮೆಗಾಹರ್ಟ್ಸ್‌ಗೂ ಒಂದಿಷ್ಟು ಕಡಿಮೆ.

ಡೆಮೊಗಳು ಹುಟ್ಟಿದ್ದು ಕಳ್ಳಪ್ರತಿಗಳ ಹಿತ್ತಲಲ್ಲಿ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆಟಗಳ ನಕಲುತಡೆಯನ್ನು ಮುರಿದವರು ಆಟದ ಮುಂದೆ ತಮ್ಮ ತಂಡದ ಹೆಸರಿನ ಒಂದು ತೆರೆಯನ್ನು ಅಂಟಿಸುತ್ತಿದ್ದರು. ಅದಕ್ಕೆ ಇಂಟ್ರೋ ಎಂದು ಹೆಸರು. ಅದೇ ಆಟವನ್ನು ನಾಲ್ಕು ತಂಡಗಳು ಮುರಿದರೆ ಅವುಗಳ ನಡುವೆ ಉಳಿಯುವ ವ್ಯತ್ಯಾಸ ಇಂಟ್ರೋ ಒಂದೇ. ಹಾಗಾಗಿ ಪೈಪೋಟಿ ಅಲ್ಲಿಗೆ ಹೊರಳಿತು. ಪಕ್ಕವೊಂದಕ್ಕೆ ಸುಮಾರು 170 ಕಿಲೋಬೈಟ್ ಹಿಡಿಸುವ ಫ್ಲಾಪಿಗಳು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಓಡಾಡಿದವು. ಕೆಲವೇ ವರ್ಷಗಳಲ್ಲಿ ಆಟವಿಲ್ಲದ ಇಂಟ್ರೋಗಳೂ ಬಂದವು, ನೋಡುವುದಕ್ಕೆಂದೇ ಮಾಡಿದವು. ಡೆಮೊ ಎಂದರೆ ಇದೇ.

ಇವರ ಕೈಚಳಕದ ಮೂಲ ಒಂದೇ: ಕಾಲ. ಪಾಲ್ ಯಂತ್ರದಲ್ಲಿ, ಅಂದರೆ ಯುರೋಪಿನ ಟಿವಿ ಪದ್ಧತಿಗೆ ಮಾಡಿದ್ದರಲ್ಲಿ, ಟಿವಿಯ ಕಿರಣ ಒಂದು ಚಿತ್ರಕ್ಕೆ 312 ಗೆರೆ ಎಳೆಯುತ್ತದೆ. ಗೆರೆಗೆ ಪ್ರೊಸೆಸರ್‌ನ 63 ಸೈಕಲ್ (ಗಡಿಯಾರದ ಮಿಡಿತ), ಅಂದರೆ ಚಿತ್ರಕ್ಕೆ 19,656 ಸೈಕಲ್, ಸೆಕೆಂಡಿಗೆ ಸುಮಾರು 50 ಚಿತ್ರ. ಪ್ರೊಸೆಸರ್ ಒಂದು ಸೈಕಲ್ ಕಳೆಯುವಷ್ಟರಲ್ಲಿ ಕಿರಣ 8 ಚುಕ್ಕೆ ಮುಂದಕ್ಕೆ ಹೋಗಿರುತ್ತದೆ. ಕಿರಣ ಈಗ ಯಾವ ಗೆರೆಯಲ್ಲಿದೆ ಎಂಬುದು 53266ನೇ ವಿಳಾಸದಲ್ಲಿ ಸಿಗುತ್ತದೆ. ಅಲ್ಲಿಗೇ ಒಂದು ಸಂಖ್ಯೆ ಬರೆದಿಟ್ಟರೆ, ಆ ಗೆರೆ ಬಂದಾಗ ಚಿಪ್ ಇಂಟರಪ್ಟ್ ಕೊಟ್ಟು, ಅಂದರೆ ನಡೆಯುತ್ತಿದ್ದ ಕೆಲಸವನ್ನು ತಡೆದು, ಪ್ರೊಸೆಸರನ್ನು ಕರೆಯುತ್ತದೆ. ಗೆರೆಗೊಮ್ಮೆ ಬಣ್ಣ ಬದಲಿಸುತ್ತ ಹೋದರೆ ಪರದೆಯ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆ. ಬಣ್ಣ ಇರುವುದೇ 16, ಆದ್ದರಿಂದ ಲೋಹದ ಹೊಳಪು ಬರಬೇಕಾದರೆ ಹೊಳಪಿನ ಕ್ರಮ ಗೊತ್ತಿರಬೇಕು. ಕಂದು, ಕೆಂಪು, ಕಿತ್ತಳೆ, ತಿಳಿಗೆಂಪು, ಹಳದಿ, ಬಿಳಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ: ಇದು ಬಂಗಾರದ ಕೊಳವೆ. ನೀಲಿ, ತಿಳಿನೀಲಿ, ಸಯಾನ್, ಬಿಳಿ: ಇದು ಉಕ್ಕಿನದು. ಮೊದಮೊದಲ ವಿಕ್-2 ಚಿಪ್‌ಗಳಲ್ಲಿ ಹೊಳಪಿನ ಹಂತಗಳು ಐದೇ, ನಂತರದವುಗಳಲ್ಲಿ ಒಂಬತ್ತು. ಹಾಗಾಗಿ ಹೊಸ ಯಂತ್ರದಲ್ಲಿ ನುಣುಪಾಗಿ ಕಂಡ ಪಟ್ಟೆ ಹಳೆಯದರಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತಿತ್ತು.

ಇನ್ನು ಅಂಚಿನ ವಿಷಯ. ಆಟಗಳಲ್ಲಿ ಚಿತ್ರ ನುಣ್ಣಗೆ ಸರಿಯಲಿ ಎಂದು ವಿಕ್-2ರಲ್ಲಿ ಒಂದು ಅನುಕೂಲ ಇಟ್ಟಿದ್ದರು: 25 ಸಾಲಿನ ಪರದೆಯನ್ನು 24ಕ್ಕೆ, 40 ಕಾಲಮನ್ನು 38ಕ್ಕೆ ಕುಗ್ಗಿಸಬಹುದು. ಹೊಸ ಅಕ್ಷರಗಳು ಒಳಗೆ ಬರುವಾಗಿನ ಅರ್ಧಂಬರ್ಧ ರೂಪ ಅಂಚಿನ ಮರೆಯಲ್ಲಿ ಅಡಗುತ್ತದೆ. ಕೆಳಗಿನ ಅಂಚು ಎಲ್ಲಿ ಶುರುವಾಗಬೇಕು ಎಂದು ಚಿಪ್ ತಿಳಿಯುವುದು ಬರಿಯ ಹೋಲಿಕೆಯಿಂದ. 25 ಸಾಲಿದ್ದರೆ 251ನೇ ಗೆರೆಯಲ್ಲಿ, 24 ಇದ್ದರೆ 247ರಲ್ಲಿ. ‘ದಾಟಿದೆಯೇ’ ಎಂದು ಅದು ನೋಡುವುದಿಲ್ಲ, ‘ಸಮವೇ’ ಎಂದಷ್ಟೇ ನೋಡುತ್ತದೆ. ಸಂದು ಇರುವುದು ಇಲ್ಲೇ.

247ನೇ ಗೆರೆ ಬರುವಾಗ 25 ಸಾಲಿನ ಸ್ಥಿತಿ ಇರಲಿ. ಚಿಪ್ 251ಕ್ಕೆ ಕಾಯುತ್ತ ಸುಮ್ಮನಿರುತ್ತದೆ. 249ನೇ ಗೆರೆಯಲ್ಲಿ 53265ನೇ ವಿಳಾಸಕ್ಕೆ 27ರ ಬದಲು 19 ಬರೆಯಿರಿ. ಈಗ ಸ್ಥಿತಿ 24 ಸಾಲು, ಚಿಪ್ ಹುಡುಕುವುದು 247ನ್ನು, ಅದಾಗಲೇ ಹಿಂದೆ ಹೋಗಿದೆ. 251 ಬಂದರೂ ಅದಕ್ಕೆ ಲೆಕ್ಕವಿಲ್ಲ. ಅಂಚು ಶುರುವಾಗುವುದೇ ಇಲ್ಲ. ಶುರುವಾಗದ್ದರಿಂದ ಮುಂದಿನ ಚಿತ್ರದ ಮೇಲಂಚೂ ತಾನಾಗಿ ತೆರೆದಿರುತ್ತದೆ. 252 ದಾಟಿದ ಮೇಲೆ ಮತ್ತೆ 27 ಬರೆದಿಡಬೇಕು, ಇಲ್ಲವಾದರೆ ಮುಂದಿನ ಸುತ್ತಿನಲ್ಲಿ 247ಕ್ಕೇ ಬಾಗಿಲು ಮುಚ್ಚುತ್ತದೆ.

ಹೊಸಬರು ಎಡವುವ ಜಾಗ ಎರಡು. 53265ರಲ್ಲಿರುವುದನ್ನು ಓದಿ, ಒಂದು ಬಿಟ್ ತಿದ್ದಿ, ವಾಪಸು ಬರೆಯುವುದು ಮೊದಲನೆಯದು. ಆ ವಿಳಾಸದ ಮೇಲ್ತುದಿಯ ಬಿಟ್ ಗೆರೆಸಂಖ್ಯೆಯ ಒಂಬತ್ತನೇ ಬಿಟ್. ಕಿರಣ 256ರಾಚೆ ಇರುವಾಗ ಓದಿದರೆ ಅದು 1 ಆಗಿರುತ್ತದೆ, ವಾಪಸು ಬರೆದಾಗ ಇಂಟರಪ್ಟ್‌ನ ಗೆರೆಯೇ 256 ಮುಂದಕ್ಕೆ ಹಾರಿಹೋಗುತ್ತದೆ. ಅಂಥ ಗೆರೆ ಇಲ್ಲದೆಹೋದರೆ ಇಂಟರಪ್ಟ್ ಬರುವುದೇ ಇಲ್ಲ. ಅದಕ್ಕೇ 19, 27 ಎಂದು ಪೂರ್ತಿ ಸಂಖ್ಯೆಯನ್ನೇ ಬರೆಯುವುದು ಕ್ಷೇಮ. ಎರಡನೆಯದು, ತೆರೆದ ಜಾಗದಲ್ಲಿ ಕಪ್ಪು ಲಂಬಗೆರೆಗಳು ತುಂಬಿಕೊಳ್ಳುವುದು. ಅಲ್ಲಿ ತೋರಿಸಲು ಚಿತ್ರವಿಲ್ಲದ ಚಿಪ್, ತನಗೆ ಕಾಣುವ 16 ಕಿಲೋಬೈಟ್‌ನ ಕೊನೆಯ ಬೈಟನ್ನೇ ಮತ್ತೆಮತ್ತೆ ತೋರಿಸುತ್ತದೆ. ಅಂಥ 16 ಕಿಲೋಬೈಟ್ ತುಂಡಿಗೆ ಬ್ಯಾಂಕ್ ಎಂದು ಹೆಸರು, ಮೊದಲ ಬ್ಯಾಂಕ್‌ನಲ್ಲಿ ಆ ವಿಳಾಸ 16383. ಅಲ್ಲಿಗೆ ಸೊನ್ನೆ ಹಾಕಿದರೆ ಗೆರೆ ಮಾಯ.

ಹೀಗೆ ತೆರೆದ ಜಾಗದಲ್ಲಿ ಅಕ್ಷರದ ಸಾಲು ಇಡಲಾಗದು, ಸ್ಪ್ರೈಟ್‌ಗಳನ್ನು ಮಾತ್ರ ಇಡಬಹುದು. ಸ್ಪ್ರೈಟ್ ಎಂದರೆ ಪರದೆಯ ಮೇಲೆ ಬೇಕಾದಲ್ಲಿಗೆ ಸರಿಸಬಹುದಾದ ಚಿತ್ರದ ತುಂಡು: 24 ಚುಕ್ಕೆ ಅಗಲ, 21 ಎತ್ತರದ ಎಂಟು ತುಂಡುಗಳು. ಅಕ್ಕಪಕ್ಕ ಜೋಡಿಸಿದರೆ 192 ಚುಕ್ಕೆ, ಅಗಲ ಇಮ್ಮಡಿಸಿದರೆ 384. ಕೆಳಗಂಚಿನಲ್ಲಿ ಓಡುವ ಬರಹದ ಅಕ್ಷರಗಳು ಅಷ್ಟು ದಪ್ಪಗಿರುವುದಕ್ಕೆ ಕಾರಣ ಈ ಗುಣಾಕಾರ, ಕಲಾವಿದನ ಅಭಿರುಚಿಯಲ್ಲ. ಒಳ್ಳೆಯ ಕಲಾವಿದರು ಮಾತ್ರ ಆ ದಪ್ಪವನ್ನೇ ಹೊಂದಿಸಿಕೊಂಡು ಅಕ್ಷರ ಬರೆದರು.

ಪಕ್ಕದ ಅಂಚುಗಳ ಕಥೆ ಬೇರೆ. ತತ್ವ ಅದೇ: ಬಲಗಡೆ ಅಂಚು 40 ಕಾಲಮ್ ಸ್ಥಿತಿಯಲ್ಲಿ 344ನೇ ಚುಕ್ಕೆಗೆ, 38ರಲ್ಲಿ 335ಕ್ಕೆ ಶುರು. ನಡುವೆ ಇರುವುದು 9 ಚುಕ್ಕೆ. ಸೈಕಲ್‌ಗೆ 8 ಚುಕ್ಕೆ ಎಂದಮೇಲೆ ಸಿಗುವುದು ಒಂದೇ ಸೈಕಲ್, ಗೆರೆಯ 56ನೆಯದು. ಅದೂ ಚಿತ್ರಕ್ಕೊಮ್ಮೆಯಲ್ಲ, ಪ್ರತಿ ಗೆರೆಯಲ್ಲೂ. ಬಳಕೆಯ ಉಪಾಯ, ಕಾಲಮ್ ಸ್ಥಿತಿ ಇರುವ 53270ನೇ ವಿಳಾಸದಲ್ಲಿರುವ 200ನ್ನು ಒಂದು ಇಳಿಸಿ 199 ಮಾಡಿ, ಕೂಡಲೇ ಒಂದು ಏರಿಸುವುದು. ಎರಡೂ ಆರಾರು ಸೈಕಲ್‌ನ ಆಜ್ಞೆಗಳು. 1986ರ ಹೊತ್ತಿಗೆ ಇದನ್ನು ಮಾಡಿ ತೋರಿಸಿ ಹೆಸರಾದದ್ದು 1001 ಕ್ರೂ ಎಂಬ ಡಚ್ ತಂಡ.

ಒಂದೇ ಸೈಕಲ್‌ನ ಗುರಿ ಹಿಡಿಯಲು ಇಂಟರಪ್ಟನ್ನು ನೆಚ್ಚುವಂತಿಲ್ಲ. ಪ್ರೊಸೆಸರ್ ಕೈಯಲ್ಲಿದ್ದ ಆಜ್ಞೆಯನ್ನು ಮುಗಿಸಿಯೇ ಓಗೊಡುವುದರಿಂದ ಕೆಲವು ಸೈಕಲ್ ಆಚೀಚೆ ಆಗುತ್ತದೆ, ಪರದೆಯಲ್ಲಿ ಅದು ಹತ್ತಾರು ಚುಕ್ಕೆಗಳ ನಡುಕ. ಪರಿಹಾರ ಎರಡು ಇಂಟರಪ್ಟ್. ಮೊದಲನೆಯದರೊಳಗೇ ಮುಂದಿನ ಗೆರೆಗೆ ಇನ್ನೊಂದನ್ನು ಹೊಂದಿಸಿ, ವಾಪಸಾಗುವ ಜಾಗದ ಗುರುತಾದ ಸ್ಟ್ಯಾಕ್ ಪಾಯಿಂಟರನ್ನು ಎತ್ತಿಟ್ಟುಕೊಂಡು, ಏನೂ ಮಾಡದ ‘ನಾಪ್’ ಆಜ್ಞೆಗಳ ಸಾಲಿನ ಮೇಲೆ ಪ್ರೊಸೆಸರನ್ನು ಓಡಲು ಬಿಡುವುದು. ನಾಪ್‌ಗೆ ಎರಡೇ ಸೈಕಲ್, ಹಾಗಾಗಿ ಎರಡನೇ ಇಂಟರಪ್ಟ್ ಬರುವಾಗ ಉಳಿಯುವ ಅನುಮಾನ ಒಂದು ಸೈಕಲ್‌ನದು. ಅದನ್ನು ತೆಗೆಯುವ ಕ್ರಮ ಇನ್ನೂ ಜಾಣತನದ್ದು. ಗೆರೆ ಬದಲಾಗುವ ಹೊತ್ತಿಗೆ ಸರಿಯಾಗಿ 53266ನ್ನು ಎರಡು ಸಲ ಓದಿ ಹೋಲಿಸಬೇಕು. ಸಮವಾದರೆ ಮುಂದಿನ ಆಜ್ಞೆಗೇ ಜಿಗಿ ಎನ್ನಬೇಕು. ಜಿಗಿದರೆ ಮೂರು ಸೈಕಲ್, ಜಿಗಿಯದಿದ್ದರೆ ಎರಡು; ಹೋಗುವ ಜಾಗ ಮಾತ್ರ ಒಂದೇ. ತಡವಾಗಿ ಬಂದಾಗ ಎರಡನೇ ಓದು ಹೊಸ ಗೆರೆಗೆ ಬೀಳುತ್ತದೆ, ಹೋಲಿಕೆ ಸೋಲುತ್ತದೆ, ಒಂದು ಸೈಕಲ್ ಉಳಿತಾಯವಾಗಿ ತಡ ಸರಿಹೋಗುತ್ತದೆ. ಈ ಕಸುಬಿನಲ್ಲಿ ಇದಕ್ಕಿಂತ ಚೊಕ್ಕವಾದ ನಾಲ್ಕು ಸಾಲು ಇಲ್ಲವೆಂದೇ ಹೇಳಬೇಕು.

ಇಷ್ಟಾದರೂ ಪ್ರತಿ ಎಂಟನೇ ಗೆರೆಯಲ್ಲಿ ಕಾಟ ತಪ್ಪದು. ಹೊಸ ಸಾಲಿನ 40 ಅಕ್ಷರಗಳನ್ನು ತರಲು ವಿಕ್-2 ಮೆಮೊರಿಯನ್ನು ಕಿತ್ತುಕೊಳ್ಳುತ್ತದೆ, 63ರಲ್ಲಿ ಪ್ರೊಸೆಸರ್‌ಗೆ ಉಳಿಯುವುದು ಇಪ್ಪತ್ತು ಚಿಲ್ಲರೆ ಸೈಕಲ್. ಬ್ಯಾಡ್‌ಲೈನ್ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಸ್ಪ್ರೈಟ್‌ಗಳಿಗೂ ಪಾಲು ಕೊಡಬೇಕು: ಒಂದಕ್ಕೆ ಎರಡು ಸೈಕಲ್, ಜೊತೆಗೆ ಆರಂಭಕ್ಕೆ ಮೂರು, ಎಂಟೂ ಇದ್ದರೆ 19. ಆದ್ದರಿಂದಲೇ ಆಗಿನ ಡೆಮೊಗಳು ಪಕ್ಕದಂಚು ತೆರೆದ ಭಾಗದಲ್ಲಿ ಅಕ್ಷರಗಳನ್ನು ಕೈಬಿಟ್ಟವು. ಬ್ಯಾಡ್‌ಲೈನ್ ಬರುವುದು ಗೆರೆಸಂಖ್ಯೆಯ ಕೊನೆಯ ಮೂರು ಬಿಟ್, 53265ರ ಕೊನೆಯ ಮೂರು ಬಿಟ್‌ಗೆ ಸಮವಾದಾಗ ಮಾತ್ರ. ಗೆರೆಗೊಮ್ಮೆ ಆ ಬಿಟ್‌ಗಳನ್ನು ಮುಂದಕ್ಕೆ ತಳ್ಳುತ್ತಿದ್ದರೆ ಅದು ಬರುವುದೇ ಇಲ್ಲ.

ಅದೇ ಅರಿವನ್ನು ತಿರುಗಿಸಿದವರೂ ಇದ್ದರು. ಬೇಕೆಂದೇ ಪ್ರತಿ ಗೆರೆಯನ್ನೂ ಬ್ಯಾಡ್‌ಲೈನ್ ಮಾಡಿದರೆ ಗೆರೆಗೊಮ್ಮೆ ಹೊಸ ಬಣ್ಣಗಳು ಸಿಗುತ್ತವೆ. ಎಫ್‌ಎಲ್‌ಐ ಎಂಬ ಈ ಚಿತ್ರವಿಧಾನಕ್ಕೆ ಒಂದೊಂದು ಕಿಲೋಬೈಟ್‌ನ ಎಂಟು ಬಣ್ಣದ ಹಾಳೆ, ಎಂಟು ಕಿಲೋಬೈಟ್‌ನ ಚಿತ್ರ, ಹೆಚ್ಚುಕಡಿಮೆ ಚಿಪ್ ಕಾಣಬಲ್ಲ 16 ಕಿಲೋಬೈಟ್ ಪೂರ್ತಿ ಬೇಕು. ಎಡತುದಿಯ ಮೂರು ಕಾಲಮ್, ಅಂದರೆ 24 ಚುಕ್ಕೆ, ಕೆಟ್ಟೇ ಹೋಗುತ್ತವೆ. ಪ್ರೊಸೆಸರ್‌ನಿಂದ ಮೆಮೊರಿ ಬಿಡಿಸಿಕೊಳ್ಳಲು ಚಿಪ್‌ಗೆ ಮೂರು ಸೈಕಲ್ ಬೇಕು, ಅಷ್ಟರಲ್ಲಿ ಓದಿದ್ದೆಲ್ಲ ಕಸ. ಅದಕ್ಕೇ ಅಂಥ ಚಿತ್ರಗಳ ಎಡಬದಿಯನ್ನು ಕಪ್ಪಾಗಿಸಿರುತ್ತಾರೆ ಅಥವಾ ಸ್ಪ್ರೈಟ್‌ನಿಂದ ಮುಚ್ಚಿರುತ್ತಾರೆ. ಬ್ಯಾಡ್‌ಲೈನನ್ನು ಗೆರೆಯ ನಡುವೆ ಶುರುಮಾಡಿದರೆ ಇಡೀ ಪರದೆ ಪಕ್ಕಕ್ಕೆ ಸರಿಯುತ್ತದೆ, ಮೆಮೊರಿಯಲ್ಲಿ ಒಂದು ಬೈಟನ್ನೂ ಸಾಗಿಸಬೇಕಿಲ್ಲ. ಕೆಲವು ಯಂತ್ರಗಳು ಮಾತ್ರ ಇದರಿಂದ ಕೆಟ್ಟು ನಿಲ್ಲುತ್ತಿದ್ದವು. ಕೆಡುವುದು ಹದಿನಾರರ ಲೆಕ್ಕದಲ್ಲಿ 7 ಅಥವಾ 15ಕ್ಕೆ ಕೊನೆಯಾಗುವ ವಿಳಾಸಗಳಷ್ಟೇ ಎಂದು 2013ರಲ್ಲಿ ಸ್ವೀಡನ್ನಿನ ಲೀನಸ್ ಓಕೆಸನ್ ವಿವರಿಸಿ, ಅದನ್ನು ತಪ್ಪಿಸುವ ದಾರಿಯನ್ನೂ ತೋರಿಸಿದರು. ಯಂತ್ರ ಹುಟ್ಟಿ ಆಗಲೇ ಮೂರು ದಶಕ ಕಳೆದಿತ್ತು.

1985ರಲ್ಲಿ ಬಂದ ಅಮಿಗಾದಲ್ಲಿ ಕಾಪರ್ ಎಂಬ ಜೊತೆ ಪ್ರೊಸೆಸರ್ ‘ಇಂಥ ಜಾಗಕ್ಕೆ ಕಾಯಿ, ಇಂಥದ್ದನ್ನು ಬರೆ’ ಎಂಬ ಆಜ್ಞೆಗಳನ್ನು ತಾನೇ ಓಡಿಸುತ್ತದೆ. ಬಣ್ಣದ ಪಟ್ಟೆ ಅಲ್ಲಿ ಸಲೀಸು. ಹಾಗಾಗಿಯೇ ಅಮಿಗಾ ಡೆಮೊಗಳ ಪೈಪೋಟಿ ಬೇಗನೆ ಗಣಿತಕ್ಕೂ ಸಂಗೀತಕ್ಕೂ ಹೊರಳಿತು. 2020ರಲ್ಲಿ ಫಿನ್ಲೆಂಡ್ ಡೆಮೊಸೀನನ್ನು, ಅಂದರೆ ಡೆಮೊ ಮಾಡುವವರ ಬಳಗದ ಸಂಸ್ಕೃತಿಯನ್ನು, ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಮರುವರ್ಷ ಜರ್ಮನಿ.

ಈಗ ಇದನ್ನು ಮಾಡಿನೋಡಲು ಹಳೆಯ ಯಂತ್ರವೇ ಬೇಕೆಂದಿಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ವೈಸ್ ಎಮ್ಯುಲೇಟರ್‌ನಲ್ಲಿ ಸೈಕಲ್‌ಗೆ ಸೈಕಲ್ ನಿಖರವಾಗಿರುವ ಎಕ್ಸ್64ಎಸ್‌ಸಿ ಆವೃತ್ತಿಯನ್ನೇ ಆರಿಸಿ. ಮಾದರಿ ಪಾಲ್ ಇರಲಿ. ಅಮೆರಿಕದ ಯಂತ್ರಗಳಲ್ಲಿ ಗೆರೆಗೆ 64 ಇಲ್ಲವೇ 65 ಸೈಕಲ್ ಇರುವುದರಿಂದ ಯುರೋಪಿನ ಕೋಡ್ ಅಲ್ಲಿ ಗೆರೆಗೆರೆಗೂ ಜಾರುತ್ತದೆ. ಅಂಚನ್ನು ಪೂರ್ತಿ ತೋರಿಸುವ ಆಯ್ಕೆ ಹಾಕಿಕೊಳ್ಳಿ. ಎಷ್ಟು ಹೊತ್ತು ಖರ್ಚಾಯಿತೆಂದು ಅಳೆಯಲು ಕೆಲಸದ ಮೊದಲು 53280ರ ಬಣ್ಣ ಏರಿಸಿ, ಮುಗಿದ ಮೇಲೆ ಇಳಿಸುವುದು ರೂಢಿ. ಅಂಚಿನಲ್ಲಿ ಬೀಳುವ ಪಟ್ಟಿ 20 ಗೆರೆ ದಪ್ಪವಿದ್ದರೆ ಆ ಕೆಲಸಕ್ಕೆ ಸುಮಾರು 1,260 ಸೈಕಲ್ ಹೋಯಿತೆಂದು ಲೆಕ್ಕ. ಆದರೆ ಅಂಚು ತೆರೆದ ಭಾಗದಲ್ಲಿ ಆ ಬಣ್ಣ ಕಾಣಿಸದು. ಅಲ್ಲಿ ಒಳಪರದೆಯ ಹಿನ್ನೆಲೆ ಬಣ್ಣದ 53281ನ್ನು ಬಳಸಬೇಕು.