ಕುದಿಯುವ ನೀರಿಗೆ ಇನ್ನೂ ಉರಿ ಕೊಟ್ಟರೆ ಆ ಶಾಖ ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ: ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂದು ಶಾಲೆಯಲ್ಲಿ ಓದಿದ್ದೇವೆ. ಕುದಿ ಬಂದ ಮೇಲೂ ಒಲೆ ಉರಿಯುತ್ತಲೇ ಇರುತ್ತದೆ, ಆದರೂ ನೀರಿನ ತಾಪಮಾನ ಏರುವುದಿಲ್ಲ ಎನ್ನುತ್ತಾರೆ. ಹಾಗಾದರೆ ಆ ಶಾಖವೆಲ್ಲ ಏನಾಯಿತು? ಉರಿ ಜೋರು ಮಾಡಿದರೆ ಬೇಳೆ ಬೇಗ ಬೇಯುವುದಿಲ್ಲವೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಬೇಯುವುದಿಲ್ಲ. ತೆರೆದ ಪಾತ್ರೆಯ ನೀರು ಒಮ್ಮೆ ಕುದಿಗೆ ಬಂದ ಮೇಲೆ ಸಣ್ಣ ಉರಿಯಲ್ಲಿ ಮೆಲ್ಲಗೆ ಕುದಿಯಲಿ, ದೊಡ್ಡ ಉರಿಯಲ್ಲಿ ಕೊತಕೊತನೆ ಕುದಿಯಲಿ, ಬೇಳೆಗೆ ತಗಲುವ ಬಿಸಿ ಒಂದೇ. ಜೋರು ಉರಿಯಿಂದ ನೀರು ಬೇಗ ಇಂಗುತ್ತದೆ, ಗ್ಯಾಸ್ ಬೇಗ ಮುಗಿಯುತ್ತದೆ, ಅಷ್ಟೇ.

ಇನ್ನು ಶಾಖದ ವಿಷಯ. ಶಾಖ ಬೇರೆ, ತಾಪಮಾನ ಬೇರೆ. ವಸ್ತುವಿಗೆ ಶಾಖ ಕೊಟ್ಟಾಗ ಅದು ಎರಡು ಬಗೆಯ ಕೆಲಸ ಮಾಡಬಲ್ಲದು. ಒಂದು, ಅಣುಗಳ ಚಲನೆಯನ್ನು ಚುರುಕುಗೊಳಿಸುವುದು. ಥರ್ಮಾಮೀಟರಿಗೆ ಕಾಣುವುದು ಇದೊಂದೇ. ಇನ್ನೊಂದು, ಅಣುಗಳು ಪರಸ್ಪರ ಹಿಡಿದುಕೊಂಡಿರುವ ಸೆಳೆತವನ್ನು ಬಿಡಿಸುವುದು. ನೀರು ಕುದಿಯುವಾಗ ಶಾಖವೆಲ್ಲ ಈ ಎರಡನೆಯ ಕೆಲಸಕ್ಕೆ ಸಲ್ಲುತ್ತದೆ. ದ್ರವದೊಳಗಿನ ಅಣುವೊಂದು ನೆರೆಯ ಅಣುಗಳಿಂದ ಕಳಚಿಕೊಂಡು ಆವಿಯಾಗಿ ಹಾರಬೇಕಾದರೆ ಅದಕ್ಕೆ ಶಕ್ತಿ ಬೇಕು. ಆ ಶಕ್ತಿಯನ್ನು ಆವಿ ತನ್ನೊಂದಿಗೇ ಒಯ್ಯುತ್ತದೆ. ಉಳಿದ ನೀರು ಇದ್ದಲ್ಲೇ, 100 ಡಿಗ್ರಿಯಲ್ಲೇ, ಇರುತ್ತದೆ. ಶಾಲಾ ಪುಸ್ತಕಗಳು ಇದನ್ನೇ ಗುಪ್ತೋಷ್ಣ ಎನ್ನುತ್ತವೆ.

ನಿಮ್ಮ ಪ್ರಶ್ನೆಯನ್ನೇ ಒಲೆಯ ಮೇಲಿಟ್ಟು ಪರೀಕ್ಷಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1762ರಲ್ಲಿ, ಗ್ಲಾಸ್ಗೋದಲ್ಲಿ, ಅವರು ಚಪ್ಪಟೆ ತಳದ ತಗಡಿನ ಪಾತ್ರೆಯಲ್ಲಿ ತಣ್ಣೀರು ಹಾಕಿ, ಚೆನ್ನಾಗಿ ಕಾದ ಕಬ್ಬಿಣದ ತಟ್ಟೆಯ ಮೇಲಿಟ್ಟು ಗಡಿಯಾರ ನೋಡಿದರು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ನೀರು ಕುದಿಯಲು 4 ನಿಮಿಷ ಹಿಡಿಯಿತು. ಅಷ್ಟೂ ನೀರು ಆವಿಯಾಗಿ ಪಾತ್ರೆ ಒಣಗಲು ಮತ್ತೆ 20 ನಿಮಿಷ! ಒಲೆ ಅದೇ, ಶಾಖ ಬರುವ ವೇಗವೂ ಹೆಚ್ಚುಕಡಿಮೆ ಅದೇ. ಅಂದರೆ ಕುದಿಯ ತನಕ ಕಾಯಿಸಲು ಬೇಕಾದ ಶಾಖದ ಐದು ಪಟ್ಟು ಶಾಖವನ್ನು ನೀರು ನುಂಗಿತ್ತು, ತಾಪಮಾನ ಮಾತ್ರ ಒಂದಿಷ್ಟೂ ಏರಿರಲಿಲ್ಲ. ಇಂದಿನ ಲೆಕ್ಕದಲ್ಲಿ ಅದು ಸುಮಾರು ಆರು ಪಟ್ಟು. ಒಂದು ಪಾತ್ರೆ, ಒಂದು ಒಲೆ, ಒಂದು ಗಡಿಯಾರದಿಂದ ಇಷ್ಟು ಹತ್ತಿರ ಬಂದದ್ದು ಸಾಮಾನ್ಯವಲ್ಲ.

ಮಂಜುಗಡ್ಡೆಯ ಮೇಲೂ ಬ್ಲ್ಯಾಕ್ ಇಂಥದೇ ಪ್ರಯೋಗ ನಡೆಸಿದ್ದರು. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಪ್ಪುಗಟ್ಟುವ ಹಂತಕ್ಕೆ ಬಂದ ನೀರು. ಎರಡನ್ನೂ ಒಂದೇ ಕೋಣೆಯಲ್ಲಿಟ್ಟರು. ನೀರಿನ ತಾಪಮಾನ ನಾಲ್ಕು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಲು ಅರ್ಧ ಗಂಟೆ ಸಾಕಾಯಿತು. ಮಂಜುಗಡ್ಡೆ ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು. ಅದಕ್ಕೂ ಮುಂಚೆ ಜನ ತಿಳಿದಿದ್ದುದು ಬೇರೆ: ಮಂಜುಗಡ್ಡೆ ಕರಗುವ ಬಿಂದುವಿಗೆ ಬಂದ ಮೇಲೆ ಇನ್ನೊಂದು ಚೂರು ಶಾಖ ಸಿಕ್ಕರೆ ಸಾಕು, ಪೂರ್ತಿ ನೀರಾಗುತ್ತದೆ ಎಂದು. ಹಾಗಾಗಿದ್ದರೆ ಚಳಿ ಮುಗಿದ ಮೊದಲ ಬೆಚ್ಚನೆಯ ದಿನವೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ಕರಗಿ ಊರುಗಳು ಕೊಚ್ಚಿಹೋಗಬೇಕಿತ್ತು ಎಂದು ಬ್ಲ್ಯಾಕ್ ವಾದಿಸಿದರು.

ಅಂಕಿಗಳಲ್ಲಿ ಹೇಳುವುದಾದರೆ, 0 ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆಯನ್ನು 0 ಡಿಗ್ರಿಯ ನೀರಾಗಿಸಲು 334 ಕಿಲೋಜೂಲ್ ಬೇಕು. ಆ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 419. ಅದನ್ನು ಅದೇ 100 ಡಿಗ್ರಿಯ ಆವಿಯಾಗಿಸಲು 2,257. ಕರಗುವಾಗ ಅಣುಗಳ ಕಟ್ಟು ಸಡಿಲವಾಗುತ್ತದೆ, ಅಷ್ಟೇ. ಆವಿಯಾಗುವಾಗ ಪೂರ್ತಿ ಕಳಚಬೇಕು. ಆದ್ದರಿಂದಲೇ ಕೊನೆಯ ಅಂಕಿ ಅಷ್ಟು ದೊಡ್ಡದು. ಒಂದು ಲೀಟರ್ ನೀರು ಸುಮಾರು 1,670 ಲೀಟರ್ ಆವಿಯಾಗಿ ಹಿಗ್ಗುತ್ತದೆ. ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುವ ಖರ್ಚೂ ಅದರಲ್ಲೇ ಸೇರಿದೆ.

ಈ ಲೆಕ್ಕದ ಇನ್ನೊಂದು ಮುಖವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಆವಿಯಾಗುವಾಗ ಪಡೆದ ಶಾಖವನ್ನು ಆವಿ ಮತ್ತೆ ನೀರಾಗುವಾಗ ಪೂರ್ತಿಯಾಗಿ ಹಿಂದಿರುಗಿಸಲೇಬೇಕು. ಇಡ್ಲಿ ಬೇಯುವುದು ಹೀಗೆಯೇ. ಹಬೆ ತಣ್ಣನೆಯ ಹಿಟ್ಟಿಗೆ, ತಟ್ಟೆಗೆ ತಾಗಿದೊಡನೆ ನೀರಾಗುತ್ತದೆ, ತಾನು ಹೊತ್ತು ತಂದ ಶಾಖವನ್ನು ಅಲ್ಲೇ ಇಳಿಸುತ್ತದೆ. ಬೇಕರಿಯವರು 200 ಡಿಗ್ರಿಯ ಓವನ್ನಿನೊಳಕ್ಕೆ ಕ್ಷಣಕಾಲ ಕೈ ಹಾಕಿ ತೆಗೆಯಬಲ್ಲರು. ಅಲ್ಲಿರುವುದು ಒಣ ಗಾಳಿ. ಆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಮಣಿಕಟ್ಟಿಗೆ ಹಬೆ ಹೊಡೆದರೆ ಬರೀ 100 ಡಿಗ್ರಿಗೇ ಬೊಬ್ಬೆ ಏಳುತ್ತದೆ. ಅದೇ ತೂಕದ ಕುದಿನೀರಿಗಿಂತ ಹಬೆಯ ಸುಡುವಿಕೆ ಕೆಟ್ಟದ್ದು ಎನ್ನುವುದು ಇದೇ ಕಾರಣಕ್ಕೆ. ಅದೇ ಗ್ಲಾಸ್ಗೋದಲ್ಲಿ ಉಪಕರಣ ತಯಾರಿಸುತ್ತಿದ್ದ ಜೇಮ್ಸ್ ವಾಟ್‌ಗೂ ಇದು ಒಗಟಾಗಿತ್ತು: ಸ್ವಲ್ಪವೇ ಹಬೆ ತನ್ನ ಆರು ಪಟ್ಟು ತೂಕದ ತಣ್ಣೀರನ್ನು ಕುದಿಯುವಷ್ಟು ಬಿಸಿ ಮಾಡುತ್ತಿತ್ತು. ಅವರು ಅದನ್ನು ಬ್ಲ್ಯಾಕ್ ಬಳಿ ಪ್ರಸ್ತಾಪಿಸಿದಾಗ ವಿವರಣೆ ಸಿದ್ಧವಾಗಿಯೇ ಇತ್ತು.

ಫ್ರಿಜ್ ಕೂಡ ಇದೇ ಕೊಡು-ಕೊಳ್ಳುವಿಕೆಯ ಮೇಲೆ ನಡೆಯುತ್ತದೆ. ಕೊಳವೆಯೊಳಗಿನ ದ್ರವ ಒಳಗಡೆ ಆವಿಯಾಗಿ ಶಾಖ ಹೀರುತ್ತದೆ, ಹೊರಗಡೆ ಮತ್ತೆ ದ್ರವವಾಗಿ ಶಾಖ ಚೆಲ್ಲುತ್ತದೆ. ಮಣ್ಣಿನ ಹೂಜಿಗೆ ಕುದಿಯುವ ಅಗತ್ಯವೂ ಇಲ್ಲ. ಮೇಲ್ಮೈಯಿಂದ ಆರುವ ನೀರು ಒಳಗಿನ ನೀರಿನ ಶಾಖವನ್ನೇ ತೆಗೆದುಕೊಂಡು ಹೋಗುತ್ತದೆ.

ಈಗ 100ರ ಬಗ್ಗೆ ಒಂದು ತಿದ್ದುಪಡಿ. ಆ ಅಂಕಿ ಸಮುದ್ರಮಟ್ಟದ್ದು. ಮಂಗಳೂರಿನಲ್ಲಿ ಸರಿ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ರ ಹತ್ತಿರ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಆವಿಗೆ ಹೊರಬೀಳುವುದು ಸುಲಭ. ಲೇಹ್‌ನಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟರೆ ಎಷ್ಟು ಉರಿ ಹಾಕಿದರೂ ಆ 88ನ್ನು ದಾಟಲಾಗದು.

ನಿಜವಾಗಿ ಬೇಗ ಬೇಯಬೇಕೆಂದರೆ ಹೆಚ್ಚಿಸಬೇಕಾದದ್ದು ಒತ್ತಡವನ್ನು. ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ, ಮೂಳೆಗಳನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆ ಮಾಡಿದ್ದು ಅದನ್ನೇ. ನಮ್ಮ ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಹೊರಗಿನದರ ಸುಮಾರು ಎರಡರಷ್ಟಾಗುತ್ತದೆ, ನೀರು 120 ಡಿಗ್ರಿಯವರೆಗೂ ಹೋಗುತ್ತದೆ. ಆದರೆ ಅಲ್ಲಿಯೂ ಮಿತಿ ಇದೆ. ಒತ್ತಡ ತುಂಬಿದ ಮೇಲೆ ಕೊಡುವ ಹೆಚ್ಚಿನ ಉರಿ ಕೂಗಾಗಿ ಹೊರಬೀಳುತ್ತದೆ, ಒಳಗಿನ ಬಿಸಿ ಏರುವುದಿಲ್ಲ. ಎಷ್ಟು ಕೂಗು ಎಂದು ಎಣಿಸುವುದು ನನ್ನ ದೃಷ್ಟಿಯಲ್ಲಿ ಅಷ್ಟೇನೂ ಒಳ್ಳೆಯ ಅಳತೆಯಲ್ಲ: ದೊಡ್ಡ ಉರಿಯಲ್ಲಿ ಐದು ಕೂಗು ಬೇಗನೆ ಮುಗಿಯುತ್ತವೆ, ಬೇಳೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಮೊದಲ ಕೂಗಿನ ನಂತರ ಉರಿ ತಗ್ಗಿಸಿ ನಿಮಿಷ ಎಣಿಸುವುದು ವಾಸಿ.

ಉರಿ ತಗ್ಗಿಸಿ ಎಂಬ ಈ ಸಲಹೆ ಎಲ್ಲ ಅಡುಗೆಗೂ ಅಲ್ಲ. ಸಾರು ಬತ್ತಿಸಬೇಕು, ಹಾಲು ಕೆನೆಗಟ್ಟುವಂತೆ ಇಂಗಿಸಬೇಕು ಎಂದಾಗ ಬೇಕಾಗಿರುವುದೇ ಆವಿಯಾಗುವಿಕೆ. ಆಗ ಉರಿಯ ಶಾಖ ವ್ಯರ್ಥವಲ್ಲ, ತಳ ಹಿಡಿಯದಂತೆ ನೋಡಿಕೊಂಡರಾಯಿತು. ಬೆಲ್ಲದ ಪಾಕದಲ್ಲಂತೂ ತಾಪಮಾನ ಒಂದೆಡೆ ನಿಲ್ಲುವುದೇ ಇಲ್ಲ. ನೀರು ಹೋದಷ್ಟೂ ಪಾಕ ಸಾಂದ್ರವಾಗುತ್ತದೆ, ಸಾಂದ್ರವಾದಷ್ಟೂ ಅದರ ಕುದಿಬಿಂದು ಏರುತ್ತದೆ. ಎಳೆಪಾಕದ ಹೊತ್ತಿಗೆ 100 ದಾಟಿರುತ್ತದೆ, ಉಂಡೆಪಾಕ ಗಟ್ಟಿಯಾಗುವಾಗ 120ರ ಆಸುಪಾಸಿಗೆ ಬಂದಿರುತ್ತದೆ. ಬಟ್ಟಲಿನ ತಣ್ಣೀರಿಗೆ ಪಾಕದ ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡುವವರು ಅಳೆಯುತ್ತಿರುವುದು ಈ ಕುದಿಬಿಂದುವನ್ನೇ.