ಪರಾವಲಂಬನೆ: ಆಮದಿಗೆ ಇನ್ನೊಂದು ಹೆಸರಲ್ಲ

ಆಮದು ಹೆಚ್ಚಾಯಿತೆಂಬ ಸುದ್ದಿ ಬಂದರೆ ಸಾಕು, ತಲೆಬರಹದಲ್ಲಿ 'ಪರಾವಲಂಬನೆ' ಬಂದು ಕೂತಿರುತ್ತದೆ. ಕಚ್ಚಾತೈಲ, ಅಡುಗೆ ಎಣ್ಣೆ, ತೊಗರಿ, ಪೊಟ್ಯಾಷ್ ಎಲ್ಲಕ್ಕೂ ಅದೊಂದೇ ಶಬ್ದ. ಹೊರಗಿನಿಂದ ಎಷ್ಟು ಬಂತು ಎಂಬುದು ಒಂದು ಪ್ರಶ್ನೆ. ಕೊಡುವವನು ಕೈಯೆತ್ತಿದರೆ ನಮ್ಮ ಗತಿ ಏನು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ 'ಆಮದು' ಎಂಬ ಚೊಕ್ಕ ಶಬ್ದ ಇದೆ. ಪಾರಸಿಯಲ್ಲಿ ಅದಕ್ಕೆ 'ಬಂತು' ಎಂದಷ್ಟೇ ಅರ್ಥ. ಅದರ ಜೋಡಿ ರಫ್ತು, 'ಹೋಯಿತು'. ಬಂದದ್ದನ್ನು ಬಂತು ಅನ್ನಿ, ಪರಾವಲಂಬನೆಯನ್ನು ಎರಡನೆಯ ಪ್ರಶ್ನೆಗೆ ಉಳಿಸಿ.

ಶಬ್ದವನ್ನು ಬಿಡಿಸಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಸಂಸ್ಕೃತದ 'ಲಂಬ್' ಧಾತುವಿಗೆ ಜೋತುಬೀಳು, ಇಳಿಬೀಳು ಎಂದರ್ಥ. ಲಂಬೋದರನ ಹೊಟ್ಟೆ ಇಳಿಬಿದ್ದದ್ದು. ಗೌಂಡಿಯ ತೂಗುಗುಂಡು ತೋರಿಸುವ ಗೆರೆ ಲಂಬ. 'ಅವ' ಎಂದರೆ ಕೆಳಕ್ಕೆ. ಮೇಲಿನದೊಂದನ್ನು ಹಿಡಿದು ಕೆಳಗೆ ತೂಗುವುದೇ ಅವಲಂಬನೆ. ಹಳೆಯ ಮನೆಗಳಲ್ಲಿ ಜಂತಿಗೆ ಕಟ್ಟಿದ ನೆಲುವು ನೆನೆಸಿಕೊಳ್ಳಿ: ಗಡಿಗೆ ನೆಲುವನ್ನು ಅವಲಂಬಿಸಿದೆ, ನೆಲುವು ಜಂತಿಯನ್ನು. ಗಡಿಗೆಯಲ್ಲಿ ಬೆಣ್ಣೆ ಎಷ್ಟಿದೆ ಎಂದು ಕೇಳುವ ಮುಂಚೆ ನೆಲುವಿಗೆ ಹಗ್ಗ ಎಷ್ಟಿವೆ ಎಂದು ನೋಡಬೇಕು. ಹಾಗಾಗಿಯೇ 'ರಷ್ಯಾದ ಮೇಲೆ ಅವಲಂಬನೆ' ಎಂಬ ಪ್ರಯೋಗ ಕಣ್ಣಿಗೆ ಚುಚ್ಚುತ್ತದೆ. 'ಮೇಲೆ' ಜೋತುಬೀಳುವುದು ಬಾವಲಿಗೂ ಬರುವುದಿಲ್ಲ. ಮಳೆಯನ್ನು ಅವಲಂಬಿಸಿದ ಬೇಸಾಯ ಎಂದು ಶಾಲೆಯಲ್ಲಿ ಸರಿಯಾಗಿಯೇ ಕಲಿತವರು ಪತ್ರಿಕೆಗೆ ಬರೆಯುವಾಗ ದ್ವಿತೀಯಾ ವಿಭಕ್ತಿಯನ್ನು ಮರೆಯುತ್ತಾರೆ. 'ಮೇಲೆ' ಬೇಕೇ ಬೇಕೆಂದರೆ 'ಭಾರ ಹಾಕು' ಇದೆಯಲ್ಲ.

ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ ವಿಳಂಬ. ಧಾರವಾಡದ ಕಡೆಯವರಿಗೆ ಹಿಂದೂಸ್ತಾನಿ ಖ್ಯಾಲಿನ ನಿಧಾನಗತಿಯ ವಿಲಂಬಿತ ಲಯದಿಂದ ಅದರ ರುಚಿ ಗೊತ್ತು. ಅಲ್ಲಿ ಕಾಲ ಜೋತುಬಿದ್ದು ನಿಲ್ಲುತ್ತದೆ. ಈ ನಂಟು ಬರೀ ವ್ಯಾಕರಣದ್ದಲ್ಲ, ಏಕೆಂದರೆ ಅವಲಂಬನೆಯನ್ನು ಅಳೆಯುವುದೇ ವಿಳಂಬದಿಂದ. ಒಬ್ಬ ಕೊಡುವುದಿಲ್ಲವೆಂದರೆ ಇನ್ನೊಬ್ಬನಿಂದ ತರಿಸಲು ಎಷ್ಟು ದಿನ? ಕೈಯಲ್ಲಿರುವ ದಾಸ್ತಾನು ಎಷ್ಟು ದಿನ? ದಾಸ್ತಾನಿನ ದಿನಗಳು ಹೆಚ್ಚಿದ್ದರೆ ಅದು ಬರೀ ಆಮದು. ಕಡಿಮೆ ಇದ್ದರೆ ಪರಾವಲಂಬನೆ.

ಈ ಲೆಕ್ಕಕ್ಕೆ ಯೂರೋಪಿನಲ್ಲಿ ಚೊಕ್ಕ ಉದಾಹರಣೆ ಇದೆ. ಲಿಥುವೇನಿಯಾದಲ್ಲಿ ಸ್ವಂತ ಅನಿಲವಿಲ್ಲ. 2014ರವರೆಗೆ ಅಷ್ಟೂ ರಷ್ಯಾದಿಂದ, ಕೊಳವೆಯಲ್ಲಿ. ಆ ವರ್ಷ ಕ್ಲೈಪೆಡಾ ಬಂದರಿಗೆ ದ್ರವೀಕೃತ ಅನಿಲವನ್ನು ಇಳಿಸಿಕೊಂಡು ಮತ್ತೆ ಅನಿಲವಾಗಿಸುವ ತೇಲುವ ಹಡಗೊಂದನ್ನು ತಂದು ನಿಲ್ಲಿಸಿದರು. ಆಮದು ಆಗಲೂ ನೂರಕ್ಕೆ ನೂರು, ಈಗಲೂ ನೂರಕ್ಕೆ ನೂರು. ಆದರೆ 2022ರ ಏಪ್ರಿಲ್‌ನಲ್ಲಿ ಅವರು ರಷ್ಯಾದ ಅನಿಲವೇ ಬೇಡವೆಂದರು. ಅರ್ಧಕ್ಕಿಂತ ಹೆಚ್ಚು ಅನಿಲವನ್ನು ರಷ್ಯಾದಿಂದಲೇ ತರಿಸುತ್ತಿದ್ದ ಜರ್ಮನಿಗೆ ಹಾಗೆನ್ನಲು ಆಗಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ದ್ರವೀಕೃತ ಅನಿಲ ಇಳಿಸಿಕೊಳ್ಳುವ ಒಂದು ನೆಲೆಯೂ ಇರಲಿಲ್ಲ. ಮೊದಲನೆಯದು ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ಶುರುವಾದದ್ದು 2022ರ ಡಿಸೆಂಬರಿನಲ್ಲಿ.

ನಮ್ಮ ಗೊಬ್ಬರದಂಗಡಿಯೊಳಗೇ ಇದೇ ವ್ಯತ್ಯಾಸ ನೋಡಬಹುದು. ಪೊಟ್ಯಾಷ್ ಗೊಬ್ಬರಕ್ಕೆ ಬೇಕಾದ ಖನಿಜವನ್ನು ನಾವು ತೆಗೆಯುವುದಿಲ್ಲ, ಎಲ್ಲವೂ ಹೊರಗಿನದು. ಆದರೆ ಕೆನಡಾ, ರಷ್ಯಾ, ಬೆಲಾರುಸ್, ಇಸ್ರೇಲ್, ಜೋರ್ಡಾನ್ ಐದೂ ಕಡೆಯಿಂದ ಬರುತ್ತದೆ. 2022ರಲ್ಲಿ ಬೆಲಾರುಸಿನ ದಾರಿ ಮುಚ್ಚಿದಾಗ ದರ ಏರಿತು, ಸರಕು ಬಂತು. ಡ್ರಿಪ್ಪಿನಲ್ಲಿ, ಅಂದರೆ ಹನಿ ನೀರಾವರಿಯಲ್ಲಿ, ಬಿಡುವ ನೀರಿನಲ್ಲಿ ಕರಗುವ ಗೊಬ್ಬರಗಳ ಕಥೆ ಬೇರೆ: 19:19:19, 12:61:0, 0:52:34 (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪಾಲು). ಟನ್ನಿನ ಲೆಕ್ಕದಲ್ಲಿ ಇವು ಚಿಲ್ಲರೆ, ಆದರೆ ಬಹುಪಾಲು ಚೀನಾದವು. ಅಲ್ಲಿ ಬಾಗಿಲು ಅರ್ಧ ಮುಚ್ಚಿದರೂ ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಮೆಣಸಿನಕಾಯಿ, ತರಕಾರಿ ಬೆಳೆಗಾರ ಖಾಲಿ ಟ್ಯಾಂಕಿನ ಮುಂದೆ ನಿಲ್ಲುತ್ತಾನೆ. ಆಮದಿನ ಪಟ್ಟಿಯಲ್ಲಿ ಪೊಟ್ಯಾಷ್ ಮೇಲಿದೆ, ಪರಾವಲಂಬನೆಯ ಪಟ್ಟಿಯಲ್ಲಿ ಡ್ರಿಪ್ ಗೊಬ್ಬರ.

ಸಾರಜನಕ, ರಂಜಕ ಎರಡನ್ನೂ ಕೊಡುವ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರ ಇವೆರಡರ ನಡುವಿನದು. ಅದಕ್ಕೆ ವಿಳಂಬ ತಡೆಯುವುದಿಲ್ಲ. ರಂಜಕ ಮಣ್ಣಿನಲ್ಲಿ ಹರಿದಾಡುವುದಿಲ್ಲ. ಸುಣ್ಣದಂಶ ಇರುವ ಎರೆ ಹೊಲದಲ್ಲಿ ಬಿದ್ದ ಜಾಗದಲ್ಲೇ ಕಟ್ಟಿಕೊಂಡು ಕೂರುತ್ತದೆ. ಹಾಗಾಗಿ ಬಿತ್ತುವಾಗಲೇ ಕೂರಿಗೆಯಲ್ಲಿ ಬೀಜಕ್ಕಿಂತ ಎರಡು ಬೆರಳು ಕೆಳಗೆ ಬೀಳಬೇಕು. ಹದ ಮೀರಿದ ಮೇಲೆ ಬಂದ ಹಡಗು ಆ ಮುಂಗಾರಿಗೆ ಬಂದಂತಲ್ಲ. ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆದ 2008ರ ಜೂನ್ ಕಂಡ ಹಾವೇರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಡಿಎಪಿಗೆ ಬದಲಿ ಇದೆ, ಲೆಕ್ಕ ಹಾಕುವವರು ಕಡಿಮೆ. 50 ಕಿಲೋ ಚೀಲದಲ್ಲಿರುವುದು 9 ಕಿಲೋ ಸಾರಜನಕ, 23 ಕಿಲೋ ರಂಜಕ. ಶೇ 16 ರಂಜಕದ ಸಿಂಗಲ್ ಸೂಪರ್ ಫಾಸ್ಫೇಟ್ ಮೂರು ಚೀಲಕ್ಕೆ 24 ಕಿಲೋ ಬರುತ್ತದೆ. ಸಾರಜನಕಕ್ಕೆ 20 ಕಿಲೋ ಯೂರಿಯಾ ಸಾಕು. ಮೇಲೆ ಗಂಧಕ ಪುಕ್ಕಟೆ, ಶೇಂಗಾ, ಉಳ್ಳಾಗಡ್ಡಿಗೆ ಅದು ಬೇಕಾದದ್ದೇ. ಎಡವಟ್ಟಾಗುವುದು ಎರಡನ್ನೂ ಮೊದಲೇ ಬೆರೆಸಿ ಇಟ್ಟಾಗ: ಸೂಪರ್ ಫಾಸ್ಫೇಟಿನೊಳಗೆ ಹಿಡಿದಿಟ್ಟ ನೀರನ್ನು ಯೂರಿಯಾ ಬಿಡಿಸುತ್ತದೆ, ಮಿಶ್ರಣ ಅಂಟಂಟಾಗಿ ಕೂರಿಗೆಯ ಕೊಳವೆ ಕಟ್ಟುತ್ತದೆ. ಬಿತ್ತುವ ದಿನವೇ ಬೆರೆಸಬೇಕು, ಪುಡಿ ಬಿಟ್ಟು ಹರಳಿನದನ್ನೇ ತರಬೇಕು. ಒಂದು ಚೀಲದ ಜಾಗದಲ್ಲಿ ಮೂರು ಹೊರುವ ಬಾಡಿಗೆ ಇದೆ, ನಿಜ. ಆದರೆ ಹೀಗೊಂದು ಬದಲಿ ದಾರಿ ಇರುವ ತನಕ ಹಗ್ಗ ಒಂದೇ ಅಲ್ಲ.

ಗಮನಿಸಿ, ಹಗ್ಗವನ್ನು ಯಾರೂ ಕತ್ತರಿಸುವುದಿಲ್ಲ, ಸಡಿಲ ಬಿಡುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಚೀನಾ ಗೊಬ್ಬರದ ರಫ್ತನ್ನು ನಿಷೇಧಿಸಲಿಲ್ಲ, ಕಡ್ಡಾಯ ತಪಾಸಣೆ ಹೇರಿತು. 2025ರ ಏಪ್ರಿಲ್ 4ರಂದು ಏಳು ವಿರಳ ಭೂಲೋಹಗಳಿಗೂ ಅವುಗಳಿಂದ ಮಾಡಿದ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಅಲ್ಲೂ ನಿಷೇಧವಿಲ್ಲ, ಅರ್ಜಿ, ಸಹಿ, ಕಾಯುವಿಕೆ. ವಿದ್ಯುತ್ ಸ್ಕೂಟರಿನ ಮೋಟರಿನಲ್ಲಿರುವ ನಿಯೋಡಿಮಿಯಂ ಅಯಸ್ಕಾಂತ ಕಾವಿಗೆ ಶಕ್ತಿ ಕಳೆದುಕೊಳ್ಳದಿರಲಿ ಎಂದು ಚೂರು ಡಿಸ್ಪ್ರೋಸಿಯಂ, ಟರ್ಬಿಯಂ ಬೆರೆಸುತ್ತಾರೆ. ಆ ಏಳರಲ್ಲಿ ಇವೆರಡೂ ಇವೆ. ಗಾಡಿಯ ಬೆಲೆಯಲ್ಲಿ ಅದರ ಪಾಲು ಅತ್ಯಲ್ಪ, ಆದರೂ ಅದಿಲ್ಲದೆ ಗಾಡಿ ಹೊರಬೀಳುವುದಿಲ್ಲ. ರೂಪಾಯಿಯಲ್ಲಿ ಅಳೆಯುವವರಿಗೆ ಇದು ಕಾಣುವುದೇ ಇಲ್ಲ.

ಅವರಿಗೆ ಕಾಣುವುದು ಕಚ್ಚಾತೈಲ. 2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಶೇ 2ಕ್ಕಿಂತ ಕಡಿಮೆ, 2023–24ರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಏರಿಕೆ ದೊಡ್ಡದೇ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು ಅದು, ಬೇರೆಲ್ಲೂ ಸಿಗದೆ ಕೊಂಡದ್ದಲ್ಲ. ಕೊಲ್ಲಿಯ ಮಾರಾಟಗಾರರು ಆಗ ಎಲ್ಲೂ ಹೋಗಿರಲಿಲ್ಲ. ಮಂಗಳೂರು, ಪಾದೂರು, ವಿಶಾಖಪಟ್ಟಣದ ನೆಲದೊಳಗಿನ ಸಂಗ್ರಹಾಗಾರಗಳಲ್ಲಿ 53.3 ಲಕ್ಷ ಟನ್ನಿಗೆ ಜಾಗವಿದೆ, ಅದು ಒಂದೆರಡು ವಾರದ ಮಾತು. ರಷ್ಯಾದ ತೈಲದ ಈ ಖರೀದಿಯನ್ನು ಒಲವು ಅನ್ನಿ, ಬೇಕಿದ್ದರೆ ಚಟ ಅನ್ನಿ.

ಕೊಡುವವರು ಎಷ್ಟು ಜನ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕವಿದೆ: ಪ್ರತಿಯೊಬ್ಬರ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡಿಸುವುದು. ಒಬ್ಬನೇ ಆದರೆ 10,000, ಸಮಪಾಲಿನ ನಾಲ್ವರಾದರೆ 2,500. 60, 20, 20 ಆದರೆ 4,400. ಒಳ್ಳೆಯ ಅಳತೆ, ಆದರೆ ಕೊನೆಯ ಗಂಟನ್ನು ಮಾತ್ರ ನೋಡುತ್ತದೆ. ನಾಲ್ಕು ದೇಶಗಳಿಂದ ತರಿಸಿದ ಮೋಟರಿನೊಳಗಿನ ಅಯಸ್ಕಾಂತ ಒಂದೇ ದೇಶದ್ದಾದರೆ ಸೂಚ್ಯಂಕ 2,500 ಎನ್ನುತ್ತದೆ, ಜಂತಿ ಮಾತ್ರ ಒಂದೇ.

'ಸ್ವಾವಲಂಬನೆ'ಯನ್ನು ಇದೇ ಕಾರಣಕ್ಕೆ ಎಚ್ಚರದಿಂದ ಬಳಸಬೇಕು. ಶಬ್ದಾರ್ಥ ಹಿಡಿದರೆ ತನಗೆ ತಾನೇ ಜೋತುಬೀಳುವುದು, ಅದು ಆಗದ ಮಾತು. ನಾವು ಬಳಸುವ ಯೂರಿಯಾದ ಬಹುಪಾಲು ಇಲ್ಲಿಯ ಕಾರ್ಖಾನೆಗಳದ್ದೇ, ಚೀಲದ ಮೇಲೆ ಊರಿನ ಹೆಸರೂ ಇದೆ. ಆದರೆ ಅದನ್ನು ಮಾಡುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ. ಹೆಚ್ಚು ಕೊಡುವ ದೇಶ ಕತಾರ್, ಹಡಗು ಹೊರಡುವ ದಾರಿ ಹಾರ್ಮುಜ್ ಜಲಸಂಧಿ. ಗೋವಿನಜೋಳಕ್ಕೆ ಮೇಲುಗೊಬ್ಬರ ಬೇಕೆಂದು ಸೊಸೈಟಿ ಮುಂದೆ ಪಾಳಿ ಹಚ್ಚಿದವರು ಹಿಡಿದಿರುವ ಹಗ್ಗದ ಇನ್ನೊಂದು ತುದಿ ಅಲ್ಲಿದೆ.